ಇಪ್ಪತ್ತೊಂಬತ್ತು ಗುಲಗಂಜಿ

ಲೈಸೆನ್ಸಿನಲ್ಲಿ ನನ್ನ ಹೆಸರು, ಪದ್ಮಾಕ್ಷಿ,
ಅರೇಹಳ್ಳಿ, ಬೇಲೂರು ತಾಲ್ಲೂಕು,
ಬೆಳೆ ರಕ್ಷಣೆಗಾಗಿ ಎಂದು ಷರಾ.
ಫೋಟೋದಲ್ಲಿ ಮುಖ ಕೊಂಚ ಓರೆ,
ಓಲೆ ಕಾಣಲಿ ಅಂತ.
ಕೋವಿ ಬಂದದ್ದು ಗೋಣಿಚೀಲ ಸುತ್ತಿಕೊಂಡು,
ಒಂಟಿ ನಳಿಗೆಯ ಕೇಪಿನ ಕೋವಿ,
ನನಗಿಂತ ಒಂದು ಗೇಣು ಗಿಡ್ಡ.

ಎಷ್ಟು ಮದ್ದು ಹಾಕಬೇಕು ಅಂತ ಊರೆಲ್ಲ ಕೇಳಿದೆ.
ಹಿರಿಯಣ್ಣಗೌಡರು ಅಂಗೈ ಗುಳಿ ಮಾಡಿ ತೋರಿಸಿದರು:
"ಇಷ್ಟು."
ಅವರ ಅಂಗೈ ಮೊರದಗಲ.
ತೋಟದ ರೈಟರು ಹೇಳಿದ,
ಮದ್ದು ಜಡಿದ ಮೇಲೆ ಗಜ ನಾಲ್ಕು ಬೆರಳು ಹೊರಗಿರಬೇಕು.
ಯಾರ ಬೆರಳು ಅಂದೆ.
ನಕ್ಕುಬಿಟ್ಟ.

ಹೋದ ವರ್ಷದ ಕ್ಯಾಲೆಂಡರಿನಿಂದ ಜುಲೈ ಕಿತ್ತು
ಹುತ್ತದಂಥ ಮಣ್ಣಿನ ದಿಬ್ಬಕ್ಕೆ ಮುಳ್ಳು ಚುಚ್ಚಿ ನಿಲ್ಲಿಸಿದೆ.
ನಲವತ್ತು ಹೆಜ್ಜೆ. ಹದಿನೇಳನೇ ತಾರೀಕಿಗೆ ಗುರಿ.
ಗೌಡರ ಅಳತೆಯ ಮೊದಲ ಗುಂಡು ಜೂನಿಗೆ ಹೋಯಿತು,
ಅಂದರೆ ಕಾಗದದಾಚೆ ಎಲ್ಲೋ.
ಎರಡನೆಯದು ಅಮಾವಾಸ್ಯೆಗೆ.
ಮೂರನೆಯದು, ಹಾಲಿನ ಲೆಕ್ಕ ಬರೆದಿದ್ದ ಮೂಲೆಗೆ,
ಡೈರಿಯವರು ಕೊಡಬೇಕಿದ್ದ ಆರುನೂರು ರೂಪಾಯಿಗೆ.
ಹೆಗಲು ಊದಿ ಕಡುಬಾಯಿತು.
ಬಾಯಲ್ಲಿ ಕೊಳೆತ ಮೊಟ್ಟೆಯ ಹೊಗೆ.

ಅವತ್ತು ರಾತ್ರಿ ಅಟ್ಟದಿಂದ ಅಪ್ಪನ ಪೆಟ್ಟಿಗೆ ಇಳಿಸಿದೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಿದ್ದರು ಊರವರು
ಅವನೆದುರೇ, ವೀಳ್ಯ ಜಗಿಯುತ್ತ.
ಅಪ್ಪ ಮಾತಾಡುತ್ತಿರಲಿಲ್ಲ.
ಉಸಿರು ಬಿಗಿಹಿಡಿದು ತ್ರಾಸಿನ ಮುಳ್ಳು ನೋಡುತ್ತಿದ್ದ.
"ಕೈ ಮುಖಸ್ತುತಿ ಮಾಡುತ್ತೆ ಮಗಾ,
ಮುಳ್ಳಿಗೆ ಆ ವಿದ್ಯೆ ಗೊತ್ತಿಲ್ಲ."
ಹಾಸನದ ಷೋರೂಮುಗಳು ಬಂದ ಮೇಲೆ
ತ್ರಾಸು ಮಲಗಿತ್ತು,
ಹಿತ್ತಾಳೆ ತಟ್ಟೆ ಎರಡು, ಕಪ್ಪು ಕಣ್ಣಿನ ಕೆಂಪು ಕಾಳು ಒಂದು ಡಬ್ಬಿ.

ಆ ಕಡೆ ನಲವತ್ತು ಗುಲಗಂಜಿ, ಈ ಕಡೆ ಮದ್ದು.
ತಾಳಿ ತೂಗಿದ ತಟ್ಟೆ
ಕರಿಪುಡಿಯನ್ನೂ ಅಷ್ಟೇ ಮರ್ಯಾದೆಯಿಂದ ತೂಗಿತು.

ದಿನಕ್ಕೆ ಎರಡು ಕಾಳು ಇಳಿಸುತ್ತ ಬಂದೆ.
ಒಂದೊಂದು ಈಡಿಗೂ ನಳಿಗೆ ಒರೆಸಿ.
ಗುಂಡಿಗೆ ಸುತ್ತಿದ ಬಟ್ಟೆ ಹುಲ್ಲಲ್ಲಿ ಹುಡುಕಿ, ಹೆಕ್ಕಿ, ಬೆಳಕಿಗೆ ಹಿಡಿದು ಓದಿದೆ.
ಪಂಚೆಯ ಚೂರು ನಡುವೆ ಸುಟ್ಟು ಜರಡಿ.
ಮೈದಾ ಚೀಲದ್ದು ಅಂಚಷ್ಟೇ ಹರಿದಿತ್ತು.
ಆ ಮೈದಾ ಚೀಲಕ್ಕೇ ಹರಳೆಣ್ಣೆ ಸವರಿದೆ.
ಮೂವತ್ತಮೂರಕ್ಕೆ ಗುಂಡುಗಳು ಒಂದೇ ವಾರದೊಳಗೆ ಬಂದವು.
ಇಪ್ಪತ್ತೇಳಕ್ಕೆ ಮತ್ತೆ ಚದುರಿದವು,
ಮದುವೆ ಮನೆಯ ಮಕ್ಕಳ ಹಾಗೆ.
ನಡುವೆ ಎಲ್ಲೋ ಇದೆ ಅದು.

ಇಪ್ಪತ್ತೊಂಬತ್ತು.
ಮೂರು ಗುಂಡು, ಬಿಲ್ವದೆಲೆಯ ಹಾಗೆ
ಒಂದೇ ತೊಟ್ಟಿಗೆ ಮೂರು ತೂತು.
ಬಿದ್ದದ್ದು ಮಾತ್ರ ಒಂದು ಮನೆ ಕೆಳಗೆ, ಹದಿನೆಂಟಕ್ಕೆ.
ಆಗಲಿ.
ನಾಳೆಗೇ ಬೀಳುವ ಕೋವಿಗೆ
ನಿನ್ನೆಗೆ ಗುರಿಯಿಟ್ಟರೆ
ಇವತ್ತು ಸಿಗುತ್ತದೆ.
ಹದಿನಾರನ್ನು ನೋಡುತ್ತ ಕುದುರೆ ಎಳೆದೆ.
ಹದಿನೇಳು ಹಾರಿಹೋಯಿತು.

ಹಿರಿಯಣ್ಣಗೌಡರು ತೂತಿನೊಳಗೆ ಕಿರುಬೆರಳು ಹಾಕಿ ನೋಡಿ
ನನ್ನ ಅಂಗೈಯನ್ನು ಒಮ್ಮೆ ನೋಡಿದರು.
ಏನೂ ಹೇಳಲಿಲ್ಲ.
ಮರುದಿನ ಒಂದು ಚಿಟಿಕೆಯಷ್ಟು ತಗ್ಗಿಸಿದರಂತೆ.

ಅಪ್ಪನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ,
ಯಾರದೋ ಮೂಗುಬೊಟ್ಟಿನ ಕೆಳಗೆ,
ತೂಕ ಬರೆದಿಟ್ಟೆ.

ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ
ಚುನಾವಣೆ ಘೋಷಣೆಯಾಯಿತು.
ಕೋವಿಗಳೆಲ್ಲ ಠಾಣೆಗೆ.
ಕಾನ್‌ಸ್ಟೆಬಲ್ ಅದನ್ನು ಉಳಿದವುಗಳ ಜೊತೆ ಗೋಡೆಗೆ ಒರಗಿಸಿ,
ಹಗ್ಗ ಬಿಗಿದು, ಚೀಟಿ ಅಂಟಿಸಿ, ರಸೀದಿ ಹರಿದುಕೊಟ್ಟ:
ಹಳೇ ಕೋವಿ, ಒಂದು.

ಆ ರಾತ್ರಿ ಹಂದಿಗಳು ಬಂದವು.
ನಾನು ತಗಡು ಬಡಿಯುತ್ತ ಜೋಳದ ಅಂಚಿನಲ್ಲಿ ನಿಂತಿದ್ದೆ,
ಸೆರಗಿನ ಗಂಟಿನಲ್ಲಿ ಇಪ್ಪತ್ತೊಂಬತ್ತು ಕಾಳು.